ಮುಧೋಳ ನಾಯಿ: ಗಬ್ಬದಿಂದ ಹಿಡಿದು ಮರಿ ಬೆಳೆದು ದೊಡ್ಡದಾಗುವವರೆಗೆ ಊಟ ಮತ್ತು ಆರೈಕೆ

ನಾಯಿ ಗಬ್ಬ ಅಂತ ಗೊತ್ತಾದ ಕೂಡಲೇ ನಮ್ಮ ಮನೆಗಳಲ್ಲಿ ಎರಡು ಕೆಲಸ ನಡೆಯುತ್ತವೆ. ತಟ್ಟೆಗೆ ಬೀಳುವ ಅನ್ನ ದುಪ್ಪಟ್ಟಾಗುತ್ತದೆ. ಮೆಡಿಕಲ್ ಶಾಪಿನಿಂದ ಕ್ಯಾಲ್ಸಿಯಂ ಸಿರಪ್ ಬರುತ್ತದೆ. ಎರಡೂ ಪ್ರೀತಿಯಿಂದಲೇ ಮಾಡುವಂಥವು. ಆದರೆ ಎರಡೂ ಆ ಹೊತ್ತಿಗೆ ಬೇಡ. ಮೊದಲ ಐದು ವಾರ ಜಾಸ್ತಿ ಊಟದ ಅಗತ್ಯವಿಲ್ಲ. ಕ್ಯಾಲ್ಸಿಯಂ ಔಷಧಿಯಂತೂ ಗಬ್ಬದ ಉದ್ದಕ್ಕೂ ಅಪಾಯವೇ. ನಾಯಿಗೆ ನಿಜವಾಗಿ ಹೊಟ್ಟೆಗೆ ಸಾಲದೇ ಹೋಗುವುದು ಮರಿ ಹಾಕಿದ ಮೂರು ನಾಲ್ಕು ವಾರಕ್ಕೆ. ಅಷ್ಟು ಹೊತ್ತಿಗೆ ಮನೆಯವರ ಗಮನವೆಲ್ಲ ಮರಿಗಳ ಮೇಲೆ ಹೋಗಿರುತ್ತದೆ, ತಾಯಿಯ ತಟ್ಟೆ ಮತ್ತೆ ಹಳೆಯ ಅಳತೆಗೆ ಬಂದಿರುತ್ತದೆ.

ಲೆಕ್ಕ ಹೇಳಲು ಸುಲಭವಾಗಲಿ ಅಂತ ಇಲ್ಲಿ 22 ಕೆ.ಜಿ. ತೂಗುವ ಒಂದು ಮುಧೋಳ ಹೆಣ್ಣುನಾಯಿಯನ್ನು ಇಟ್ಟುಕೊಳ್ಳೋಣ. ಮುಧೋಳದ ಪಕ್ಕದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ಈ ತಳಿಯನ್ನು ಈಗ ಬೆಂಗಳೂರಿನ ಫ್ಲ್ಯಾಟುಗಳಲ್ಲೂ ಸಾಕುತ್ತಿದ್ದಾರೆ. ನಿಮ್ಮದು ನಾಟಿ ನಾಯಿಯೋ ಲ್ಯಾಬ್ರಡಾರೋ ಆಗಿದ್ದರೆ ಅಳತೆಯನ್ನು ತೂಕಕ್ಕೆ ಹೊಂದಿಸಿಕೊಳ್ಳಿ, ಕ್ರಮ ಇದೇ.

ಕೂಡಿಸುವ ಮೊದಲು

ಮೊದಲ ಬೆದೆಗೇ ಕೂಡಿಸಬೇಡಿ. ಅದಿನ್ನೂ ತಾನೇ ಬೆಳೆಯುತ್ತಿರುತ್ತದೆ. 2017ರ ಕೇಂದ್ರ ಸರ್ಕಾರದ ನಾಯಿ ತಳಿ ಸಾಕಣೆ ನಿಯಮಗಳೂ 18 ತಿಂಗಳಿಗಿಂತ ಚಿಕ್ಕ ಹೆಣ್ಣುನಾಯಿಯಿಂದ ಮರಿ ಮಾಡಿಸಬಾರದು ಅನ್ನುತ್ತವೆ. ಎರಡು ವರ್ಷ ತುಂಬಲಿ. ವ್ಯಾಕ್ಸಿನ್ ಬಾಕಿ ಇದ್ದರೆ ಬೆದೆಗೆ ಮೊದಲೇ ಮುಗಿಸಿ, ಯಾಕೆಂದರೆ ತಾಯಿಯ ರೋಗನಿರೋಧಕ ಶಕ್ತಿಯೇ ಗಿಣ್ಣಿನ ಮೂಲಕ ಮರಿಗಳಿಗೆ ಹೋಗುತ್ತದೆ. ಕೂಡಿಸಿದ ದಿನಾಂಕ ಕ್ಯಾಲೆಂಡರಿನಲ್ಲಿ ಬರೆದಿಡಿ. ಸರಾಸರಿ 63 ದಿನ. ಕೂಡಿಸಿದ ದಿನದಿಂದ ಎಣಿಸಿದರೆ 58ರಿಂದ 68ರವರೆಗೆ ಹಿಂದೆ ಮುಂದೆ ಆಗಬಹುದು.

ಮೊದಲ ಐದು ವಾರ: ಸುಮ್ನೆ ಇರಿ

22 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 1,200 ಕಿಲೊಕ್ಯಾಲೊರಿ ಸಾಕು. ಡಾಗ್ ಫುಡ್ ಲೆಕ್ಕದಲ್ಲಿ 320 ಗ್ರಾಂ ಆಸುಪಾಸು. ಗಬ್ಬವಾದ ಮೇಲೂ ಮೊದಲ ಐದು ವಾರ ಇಷ್ಟೇ ಸಾಕು. ಮರಿಗಳ ತೂಕ ಬಹುಪಾಲು ಏರುವುದು ಕೊನೆಯ ಮೂರು ವಾರಗಳಲ್ಲಿ. ಮೊದಲೇ ಜಾಸ್ತಿ ತಿನ್ನಿಸಿದರೆ ಅದು ತಾಯಿಯ ಮೈಗೆ ಕೊಬ್ಬಾಗಿ ಕೂರುತ್ತದೆ, ಕೊಬ್ಬಿದ ನಾಯಿಗೆ ಮರಿ ಹಾಕುವಾಗ ಕಷ್ಟ. ಮೂರು ನಾಲ್ಕನೇ ವಾರದಲ್ಲಿ ಕೆಲವು ನಾಯಿಗಳು ಎರಡು ಮೂರು ದಿನ ಊಟ ಕಡಿಮೆ ಮಾಡುತ್ತವೆ, ಒಮ್ಮೊಮ್ಮೆ ವಾಂತಿ ಮಾಡುತ್ತವೆ. ಗಾಬರಿ ಬೇಡ. ದಿನದ ವಾಕಿಂಗ್ ಮುಂದುವರಿಸಿ. ಮುಧೋಳವನ್ನು ಬಯಲಲ್ಲಿ ಓಡಲು ಬಿಡುವ ಅಭ್ಯಾಸವಿದ್ದರೆ ಮಾತ್ರ ಅದನ್ನು ನಿಲ್ಲಿಸಿ.

25-30 ದಿನಕ್ಕೆ ಒಂದು ಸ್ಕ್ಯಾನ್ ಮಾಡಿಸಿ. ಗಬ್ಬ ಹೌದೋ ಅಲ್ಲವೋ ತಿಳಿಯುತ್ತದೆ. ಎಷ್ಟು ಮರಿ ಅಂತ ಸ್ಕ್ಯಾನ್ ಸರಿಯಾಗಿ ಹೇಳುವುದಿಲ್ಲ. ಅದಕ್ಕೆ 55ನೇ ದಿನದ ನಂತರ ಎಕ್ಸ್‌ರೇ ಬೇಕು. ದುಡ್ಡು ದಂಡ ಅನ್ನಿಸಬಹುದು. ಆದರೆ ಮರಿ ಹಾಕುವ ರಾತ್ರಿ "ಇನ್ನೂ ಒಂದು ಒಳಗಿದೆಯಾ?" ಅನ್ನುವ ಪ್ರಶ್ನೆಗೆ ಉತ್ತರ ಅದೊಂದರಲ್ಲೇ ಇರುತ್ತದೆ.

ಆರನೇ ವಾರದಿಂದ: ತಟ್ಟೆ ಬದಲಾಗಲಿ

ಈಗ ಮರಿಗಳಿಗೆ ಕೊಡುವ ಪಪ್ಪಿ ಫುಡ್ಡನ್ನೇ ತಾಯಿಗೆ ಕೊಡಬೇಕು. ಅದರಲ್ಲಿ ಪ್ರೋಟೀನ್, ಕೊಬ್ಬು ಜಾಸ್ತಿ, ಕ್ಯಾಲ್ಸಿಯಂ ಬೇಕಾದಷ್ಟೇ ಇರುತ್ತದೆ. ಒಂದು ವಾರದಲ್ಲಿ ನಿಧಾನವಾಗಿ ಹಳೆಯದರ ಜೊತೆ ಬೆರೆಸುತ್ತಾ ಬದಲಿಸಿ. ಪ್ರತಿ ವಾರ ಸ್ವಲ್ಪ ಸ್ವಲ್ಪ ಏರಿಸಿ, ಹೆರುವ ಹೊತ್ತಿಗೆ ಮೊದಲಿನ ಅಳತೆಗಿಂತ ಕಾಲು ಭಾಗದಿಂದ ಅರ್ಧದಷ್ಟು ಜಾಸ್ತಿ ಆಗಲಿ. ಅಂದರೆ 320 ಗ್ರಾಂ ಇದ್ದದ್ದು 400ರಿಂದ 480 ಗ್ರಾಂ. ಹೊಟ್ಟೆಯಲ್ಲಿ ಮರಿಗಳು ಜಾಗ ಹಿಡಿದಿರುವುದರಿಂದ ಒಂದೇ ಸಲಕ್ಕೆ ತಿನ್ನಲು ಆಗುವುದಿಲ್ಲ. ಮೂರು ನಾಲ್ಕು ಸಲ ಹಂಚಿ.

ಮನೆ ಅಡುಗೆಯಲ್ಲೇ ಸಾಕುವವರು ಇಲ್ಲಿ ಎಚ್ಚರ ವಹಿಸಬೇಕು. ಅನ್ನ-ಹಾಲು, ಮುದ್ದೆ-ಮಜ್ಜಿಗೆ, ರೊಟ್ಟಿ-ಹಾಲಿನಲ್ಲಿ ನಾಯಿ ಬದುಕುತ್ತದೆ, ನಿಜ. ಆದರೆ ಮರಿ ಕಟ್ಟಲು ಬೇಕಾದ ಪ್ರೋಟೀನ್ ಅದರಲ್ಲಿಲ್ಲ. ಬೇಯಿಸಿದ ಚಿಕನ್, ಮೊಟ್ಟೆ, ಮೀನು ಬೇಕು. ಹಸಿ ಮಾಂಸ ಗಬ್ಬದ ಸಮಯದಲ್ಲಿ ಬೇಡ. ಕುರಿ-ಕೋಳಿಯ ಲಿವರ್ ವಾರಕ್ಕೆ ಒಂದೆರಡು ಚಿಕ್ಕ ತುಂಡು ಸಾಕು, ದಿನಾ ಕೊಟ್ಟರೆ ವಿಟಮಿನ್ ಎ ಅತಿಯಾಗುತ್ತದೆ.

ಜಂತುಹುಳದ ವಿಷಯ. ತಾಯಿಯ ಮೈಯಲ್ಲಿ ಅವಿತಿರುವ ದುಂಡು ಹುಳದ ಮರಿಗಳು ಗಬ್ಬದ ಕೊನೆಯಲ್ಲಿ ಎದ್ದು, ಮಾಸಿನ ಮೂಲಕ ಹೊಟ್ಟೆಯೊಳಗಿನ ಮರಿಗಳಿಗೇ ದಾಟುತ್ತವೆ. ಕೊಕ್ಕೆಹುಳ ಹಾಲಿನಲ್ಲೂ ಹೋಗುತ್ತದೆ. ಅದಕ್ಕೇ 40ನೇ ದಿನದಿಂದ ಮರಿ ಹಾಕಿದ 14 ದಿನದವರೆಗೆ ಫೆನ್‌ಬೆಂಡಜೋಲ್ ಕೊಡುವ ಒಂದು ಪದ್ಧತಿ ಇದೆ. ಡೋಸನ್ನು ತೂಕ ನೋಡಿ ಡಾಕ್ಟರೇ ಹೇಳಬೇಕು. ಉಣ್ಣೆ-ಚಿಗಟದ ಔಷಧಿಯೂ ಅಷ್ಟೇ. ಗಬ್ಬದ ನಾಯಿಗೆ ಎಲ್ಲವೂ ಆಗಿಬರುವುದಿಲ್ಲ, ಕೇಳದೆ ಹಚ್ಚಬೇಡಿ.

ಕ್ಯಾಲ್ಸಿಯಂ ಸಿರಪ್ ಯಾಕೆ ಬೇಡ

ಹಾಲಿಗೆ ಕ್ಯಾಲ್ಸಿಯಂ ಬೇಕು, ಹಾಗಾಗಿ ಮೊದಲೇ ಕೊಟ್ಟಿಟ್ಟರೆ ಒಳ್ಳೆಯದು ಅಂತ ಅನ್ನಿಸುವುದು ಸಹಜ, ಅಲ್ವಾ? ದೇಹ ಹಾಗೆ ನಡೆಯುವುದಿಲ್ಲ. ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಮೂಳೆಯಿಂದ ಅದನ್ನು ಬಿಡಿಸಿ ತರುತ್ತವೆ. ವಾರಗಟ್ಟಲೆ ಹೊರಗಿನಿಂದ ಸುರಿದರೆ ಆ ಗ್ರಂಥಿಗಳಿಗೆ ಕೆಲಸ ತಪ್ಪುತ್ತದೆ. ಮರಿ ಹಾಕಿದ ಮೇಲೆ ದಿಢೀರನೆ ಹಾಲಿಗೆ ಕ್ಯಾಲ್ಸಿಯಂ ಹರಿದು ಹೋಗುವಾಗ ಅವು ತಕ್ಷಣ ಎಚ್ಚೆತ್ತುಕೊಳ್ಳುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುತ್ತದೆ. ಇದನ್ನು ಎಕ್ಲಾಂಪ್ಸಿಯಾ ಅಥವಾ ಹಾಲುಜ್ವರ ಅನ್ನುತ್ತಾರೆ.

ಹೆಚ್ಚಾಗಿ ಮರಿ ಹಾಕಿದ ಒಂದರಿಂದ ನಾಲ್ಕು ವಾರದೊಳಗೆ ಬರುತ್ತದೆ. ಚಿಕ್ಕ ತಳಿಗಳಲ್ಲಿ ಜಾಸ್ತಿ. ಮರಿ ಹೆಚ್ಚಿದ್ದರೆ ಯಾವ ತಳಿಗೂ ಬರಬಹುದು. ನಾಯಿ ಒಂದು ಕಡೆ ಕೂರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತದೆ, ಮರಿಗಳನ್ನು ದೂರ ತಳ್ಳುತ್ತದೆ. ಆಮೇಲೆ ಕಾಲು ಸೆಟೆದುಕೊಂಡು ನಡೆಯುವುದು, ನಡುಕ, ಮೈ ಸುಡುವುದು, ಫಿಟ್ಸ್. ನಡುಕ ಕಂಡ ಕೂಡಲೇ ಮರಿಗಳನ್ನು ಬೇರೆ ಮಾಡಿ ಡಾಕ್ಟರ ಹತ್ತಿರ ಓಡಿ. ರಕ್ತನಾಳಕ್ಕೆ ನಿಧಾನವಾಗಿ, ಎದೆಬಡಿತ ನೋಡುತ್ತಾ ಕ್ಯಾಲ್ಸಿಯಂ ಕೊಟ್ಟರೆ ನಾಯಿ ಕಣ್ಣೆದುರೇ ಚೇತರಿಸಿಕೊಳ್ಳುತ್ತದೆ. ಬೆಳಿಗ್ಗೆ ನೋಡೋಣ ಅಂದರೆ ಸಾಯಬಹುದು. ಕ್ಯಾಲ್ಸಿಯಂ ಮಾತ್ರೆ ಬೇಕಾಗುವುದು ಈ ಹಂತದಲ್ಲಿ, ಡಾಕ್ಟರ್ ಹೇಳಿದ ಮೇಲೆ.

ಮರಿ ಹಾಕುವ ದಿನ

ಒಂದು ವಾರ ಮೊದಲೇ ಜಾಗ ಸಿದ್ಧ ಮಾಡಿ. ಗಾಳಿ ನೇರ ಬೀಸದ, ಜನ ಓಡಾಡದ ಮೂಲೆ. ನಾಯಿ ಕಾಲು ಚಾಚಿ ಮಲಗುವಷ್ಟು ಅಗಲದ ಪೆಟ್ಟಿಗೆ, ಕೆಳಗೆ ಹಳೆಯ ನ್ಯೂಸ್ ಪೇಪರ್, ಮೇಲೆ ಹಳೆಯ ಹತ್ತಿ ಬಟ್ಟೆ. ಕೈಗೆ ಸಿಗುವಂತೆ ಒಣ ಟವೆಲ್, ದಾರ, ಕುದಿಸಿದ ಕತ್ತರಿ, ಪೊವಿಡೋನ್ ಅಯೋಡಿನ್, ಥರ್ಮಾಮೀಟರ್, ಅಡುಗೆ ಮನೆಯ ತೂಕದ ಯಂತ್ರ. ರಾತ್ರಿ ಕರೆ ತೆಗೆದುಕೊಳ್ಳುವ ಡಾಕ್ಟರು ಯಾರು ಅಂತಲೂ ಈಗಲೇ ಕೇಳಿಟ್ಟುಕೊಳ್ಳಿ.

58ನೇ ದಿನದಿಂದ ಬೆಳಿಗ್ಗೆ ಸಂಜೆ ಗುದದಲ್ಲಿ ಜ್ವರ ನೋಡಿ. ಸಾಮಾನ್ಯವಾಗಿ 101ರಿಂದ 102.5 ಫ್ಯಾರನ್‌ಹೀಟ್ ಇರುತ್ತದೆ. ಅದು 99ಕ್ಕಿಂತ ಕೆಳಗಿಳಿದರೆ ಬಹುತೇಕ 24 ಗಂಟೆಯೊಳಗೆ ಮರಿ. ನಾಯಿ ಊಟ ಬಿಡುತ್ತದೆ, ಬಟ್ಟೆ ಕೆರೆಯುತ್ತದೆ, ನಡುಗುತ್ತದೆ. ಈ ಹಂತ 6ರಿಂದ 12 ಗಂಟೆ, ಮೊದಲ ಸೂಲಿನಲ್ಲಿ ಇನ್ನೂ ಹೆಚ್ಚು ಇರಬಹುದು. ಊರ ಜನರನ್ನೆಲ್ಲ ಸೇರಿಸಬೇಡಿ. ನಾಯಿಗೆ ಒಗ್ಗಿದ ಒಬ್ಬರು ಹತ್ತಿರ ಇದ್ದರೆ ಸಾಕು.

ಮರಿ ಬಂದ ಮೇಲೆ ತಾಯಿಯೇ ಚೀಲ ಹರಿದು ನೆಕ್ಕುತ್ತದೆ. ಒಂದು ನಿಮಿಷದೊಳಗೆ ಹಾಗೆ ಮಾಡದಿದ್ದರೆ ನೀವು ಚೀಲ ಹರಿಯಿರಿ, ಮೂಗು ಬಾಯಿ ಒರೆಸಿ, ಟವೆಲಿನಿಂದ ಬೆನ್ನನ್ನು ಚೆನ್ನಾಗಿ ಉಜ್ಜಿ. ಮರಿಯನ್ನು ತಲೆಕೆಳಗೆ ಹಿಡಿದು ಬೀಸುವ ಹಳೆಯ ಪದ್ಧತಿ ಬೇಡ, ಮಿದುಳಿಗೆ ಪೆಟ್ಟಾಗುತ್ತದೆ. ಹೊಕ್ಕುಳಬಳ್ಳಿಯನ್ನು ಹೊಟ್ಟೆಯಿಂದ 2 ಸೆಂ.ಮೀ. ದೂರದಲ್ಲಿ ದಾರದಿಂದ ಕಟ್ಟಿ, ದಾರದ ಆಚೆ ಕತ್ತರಿಸಿ, ಅಯೋಡಿನ್ ಹಚ್ಚಿ. ಮಾಸನ್ನು ತಾಯಿ ಒಂದೆರಡು ತಿಂದರೆ ತಪ್ಪಿಲ್ಲ, ಎಲ್ಲವನ್ನೂ ತಿಂದರೆ ಭೇದಿ ಖಚಿತ.

ಡಾಕ್ಟರನ್ನು ಕರೆಯಬೇಕಾದ ಸಂದರ್ಭಗಳು ಹೀಗಿವೆ:

- ಜೋರಾಗಿ ತಿಣುಕುತ್ತಿದ್ದು ಅರ್ಧ ಗಂಟೆಯಾದರೂ ಮರಿ ಬಂದಿಲ್ಲ.
- ಒಳಗೆ ಇನ್ನೂ ಮರಿ ಇದೆ ಅಂತ ಗೊತ್ತಿದ್ದು, ಹಿಂದಿನ ಮರಿ ಬಂದು ಎರಡು ಗಂಟೆ ಮೀರಿದೆ.
- ಮೊದಲ ಮರಿಗೂ ಮುಂಚೆ ಕಡುಹಸಿರು ದ್ರವ ಬಂದಿದೆ. ಮರಿ ಬಂದ ಮೇಲೆ ಆ ಬಣ್ಣ ಸಹಜ, ಮೊದಲೇ ಬಂದರೆ ಮಾಸು ಕಳಚಿದೆ ಅಂತ ಅರ್ಥ.
- 68 ದಿನ ಕಳೆದಿದೆ.

ಆಕ್ಸಿಟೋಸಿನ್ ಇಂಜೆಕ್ಷನ್ ತಂದು ಮನೆಯಲ್ಲೇ ಚುಚ್ಚುವವರಿದ್ದಾರೆ. ಮರಿ ಅಡ್ಡ ಸಿಕ್ಕಿಕೊಂಡಿದ್ದರೆ ಗರ್ಭಕೋಶವೇ ಹರಿಯಬಹುದು. ದಯವಿಟ್ಟು ಬೇಡ.

ಬಾಣಂತಿಯ ಊಟ

ಹೊಟ್ಟೆ ತುಂಬಾ ಹಾಕಬೇಕಾದ ಕಾಲ ಇದು. ಗಬ್ಬಕ್ಕೆ ಮೊದಲಿನ ಅಳತೆಗೆ ಹೋಲಿಸಿದರೆ ಮೊದಲ ವಾರ ಒಂದೂವರೆ ಪಟ್ಟು, ಎರಡನೇ ವಾರ ಎರಡು ಪಟ್ಟು, ಮೂರು ನಾಲ್ಕನೇ ವಾರದಲ್ಲಿ ಎರಡೂವರೆಯಿಂದ ಮೂರು ಪಟ್ಟು. ಎಂಟು ಹತ್ತು ಮರಿ ಇದ್ದರೆ ಇನ್ನೂ ಜಾಸ್ತಿ. ನಮ್ಮ 22 ಕೆ.ಜಿ. ನಾಯಿಗೆ ಅದು 3,000ದಿಂದ 3,600 ಕಿಲೊಕ್ಯಾಲೊರಿ. ಇದನ್ನು ರಾಗಿ ಮುದ್ದೆಯಲ್ಲೇ ಕೊಡಬೇಕು ಅಂದುಕೊಳ್ಳಿ. 3,000ಕ್ಕೆ 900 ಗ್ರಾಂ ಹಿಟ್ಟು ಬೇಕು, ನೀರು ಸೇರಿ ಮುದ್ದೆಯಾದಾಗ ಎರಡೂವರೆ ಕೆ.ಜಿ. ದಾಟುತ್ತದೆ. ಯಾವ ನಾಯಿಯ ಹೊಟ್ಟೆ ಅಷ್ಟು ಹಿಡಿಯುತ್ತದೆ? ಹಿಡಿದರೂ ಪ್ರೋಟೀನ್ ಸಾಲದು. ಅದಕ್ಕೇ ಹಾಲುಣಿಸುವ ನಾಯಿ ಬೆನ್ನುಮೂಳೆ ಕಾಣುವಂತೆ ಸೊರಗುವುದು. ಅದು ಬಾಣಂತನದ ಗುಣವಲ್ಲ, ಊಟ ಸಾಲದ್ದು.

ಪಪ್ಪಿ ಫುಡ್ಡನ್ನೇ ಮುಂದುವರಿಸಿ. ದಿನಕ್ಕೆ 800 ಗ್ರಾಂ ದಾಟಲೂಬಹುದು. ಅಳತೆ ಬೇಡ, ಸಂಕೋಚವೂ ಬೇಡ, ಬೇಕೆಂದಾಗ ತಿನ್ನುವಂತೆ ಇಟ್ಟುಬಿಡಿ. ಮನೆ ಊಟವಾದರೆ ನಾಲ್ಕು ಹೊತ್ತು ಚಿಕನ್-ಅನ್ನ, ಮೊಟ್ಟೆ, ಮೇಲೆ ಒಂದೆರಡು ಚಮಚ ಎಣ್ಣೆ. ನೀರು ಸದಾ ಇರಲಿ, ಹಾಲಿನ ಬಹುಭಾಗ ನೀರೇ.

ದಿನಕ್ಕೊಮ್ಮೆ ಮೊಲೆಗಳನ್ನು ಮುಟ್ಟಿ ನೋಡಿ. ಒಂದು ಮಾತ್ರ ಬಿಸಿಯಾಗಿ, ಗಟ್ಟಿಯಾಗಿ, ಕೆಂಪಾಗಿದ್ದರೆ ಕೆಚ್ಚಲು ಬಾವು. ಕೆಂಗಂದು ಸ್ರಾವ ಮೂರು ವಾರದವರೆಗೆ ಇರಬಹುದು. ನಾತ ಬಂದರೆ, ಜೊತೆಗೆ ಜ್ವರವಿದ್ದರೆ, ಗರ್ಭಕೋಶಕ್ಕೆ ಸೋಂಕು ತಗುಲಿದೆ. ಎರಡಕ್ಕೂ ಚಿಕಿತ್ಸೆ ಬೇಕು.

ಮರಿಗಳ ಮೊದಲ ಮೂರು ವಾರ

ಹುಟ್ಟಿದ ಮರಿಗೆ ಮೊದಲು ಬೇಕಾದದ್ದು ಬೆಚ್ಚಗಿನ ಜಾಗ, ಆಮೇಲೆ ಹಾಲು. ತನ್ನ ಮೈಶಾಖವನ್ನು ಅದು ತಾನೇ ಕಾಪಾಡಿಕೊಳ್ಳಲಾರದು. ಮೊದಲ ವಾರ ಮರಿ ಮಲಗುವ ಜಾಗ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಲಿ. ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಬಲ್ಬ್ ಹಾಕಿ, ಸೆಕೆಯಾದರೆ ಮರಿ ಇನ್ನೊಂದು ಬದಿಗೆ ತೆವಳುತ್ತದೆ. ಬಾಗಲಕೋಟೆಯ ಬೇಸಿಗೆಯಲ್ಲಿ ಬಲ್ಬ್ ಬೇಕೇ ಆಗುವುದಿಲ್ಲ, ಮಡಿಕೇರಿಯ ಮಳೆಗಾಲದಲ್ಲಿ ಹಗಲೂ ಬೇಕು. ಮೈ ತಣ್ಣಗಾದ ಮರಿಗೆ ಹಾಲು ಹಾಕಬಾರದು. ಕರುಳು ಕೆಲಸ ನಿಲ್ಲಿಸಿರುತ್ತದೆ, ಹಾಲು ಒಳಗೇ ಹುಳಿಯುತ್ತದೆ. ಮೊದಲು ನಿಮ್ಮ ಮೈಗೆ ಒತ್ತಿಕೊಂಡು ನಿಧಾನವಾಗಿ ಬೆಚ್ಚಗೆ ಮಾಡಿ.

ಗಿಣ್ಣು ಮೊದಲ 12ರಿಂದ 24 ಗಂಟೆಯೊಳಗೆ ಹೊಟ್ಟೆಗೆ ಹೋಗಲೇಬೇಕು. ಆಮೇಲೆ ಕುಡಿದರೆ ಅದರ ರೋಗನಿರೋಧಕ ಅಂಶವನ್ನು ಕರುಳು ಹೀರಿಕೊಳ್ಳುವುದಿಲ್ಲ. ಸಣ್ಣ ಮರಿಯನ್ನು ಕೈಯಾರೆ ಹಿಂದಿನ ಮೊಲೆಗೆ ಹಿಡಿಯಿರಿ, ಅಲ್ಲಿ ಹಾಲು ಜಾಸ್ತಿ.

ಪ್ರತಿದಿನ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ಹುಟ್ಟಿದ ತೂಕ 7ರಿಂದ 10 ದಿನಕ್ಕೆ ಎರಡರಷ್ಟಾಗಬೇಕು. ಮೊದಲ ದಿನ ತುಸು ಇಳಿಯಬಹುದು. ಎರಡನೇ ದಿನವೂ ಏರದಿದ್ದರೆ ಏನೋ ತಪ್ಪಿದೆ. ಹೊಟ್ಟೆ ತುಂಬಿದ ಮರಿ ಅಳುವುದಿಲ್ಲ.

ತಾಯಿಗೆ ಹಾಲು ಸಾಲದಿದ್ದರೆ ಹಸುವಿನ ಹಾಲಿಗೆ ನೀರು ಬೆರೆಸಿ ಹಾಕುವುದು ನಮ್ಮಲ್ಲಿ ರೂಢಿ. ನಾಯಿಯ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಹಸುವಿನ ಹಾಲಿನ ಎರಡರಷ್ಟಕ್ಕಿಂತ ಜಾಸ್ತಿ, ಲ್ಯಾಕ್ಟೋಸ್ ಕಡಿಮೆ. ಹಸುವಿನ ಹಾಲು ಮರಿಯನ್ನು ಹಸಿವಿನಲ್ಲೂ ಇಡುತ್ತದೆ, ಭೇದಿಯನ್ನೂ ತರುತ್ತದೆ. ನೀರು ಬೆರೆಸಿದರಂತೂ ಕೇಳುವುದೇ ಬೇಡ. ನಾಯಿಮರಿಗಳ ಹಾಲಿನ ಪುಡಿ ಸಿಗುತ್ತದೆ, ಡಬ್ಬದ ಮೇಲಿನ ಅಳತೆಯಂತೆ ಎರಡು ಮೂರು ಗಂಟೆಗೊಮ್ಮೆ ಕೊಡಿ. ಮರಿ ಬೋರಲಾಗಿರಲಿ, ತಲೆ ಸ್ವಲ್ಪ ಮೇಲಿರಲಿ. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ತಾಯಿ ಇಲ್ಲದ ಮರಿಗೆ ಪ್ರತಿ ಸಲ ಹಾಲು ಕೊಟ್ಟ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಸವರಬೇಕು. ಮೂರು ವಾರದವರೆಗೆ ಮೂತ್ರ, ಮಲ ತಾನಾಗಿ ಬರುವುದಿಲ್ಲ.

ಹಾಲು ಬಿಡಿಸುವುದು

10ರಿಂದ 14 ದಿನಕ್ಕೆ ಕಣ್ಣು ತೆರೆಯುತ್ತವೆ. ಮೂರೂವರೆ ವಾರಕ್ಕೆ ಮರಿಗಳು ತಾಯಿಯ ತಟ್ಟೆಗೆ ಮೂಗು ಹಾಕುತ್ತವೆ. ಪಪ್ಪಿ ಫುಡ್ಡನ್ನು ಬಿಸಿನೀರಲ್ಲಿ ನೆನೆಸಿ ಗಂಜಿಯಂತೆ ಕಿವುಚಿ, ಅಗಲ ತಟ್ಟೆಯಲ್ಲಿ ದಿನಕ್ಕೆ ನಾಲ್ಕು ಸಲ ಇಡಿ. ಮೊದಲ ಎರಡು ದಿನ ತಿನ್ನುವುದಕ್ಕಿಂತ ತುಳಿಯುವುದೇ ಜಾಸ್ತಿ. ವಾರ ವಾರಕ್ಕೆ ನೀರು ಕಡಿಮೆ ಮಾಡಿ, ಏಳು ಎಂಟನೇ ವಾರಕ್ಕೆ ಒಣ ಆಹಾರಕ್ಕೆ ತನ್ನಿ. ಇದೇ ಹೊತ್ತಿಗೆ ತಾಯಿಯ ಊಟ ಇಳಿಸುತ್ತಾ ಬನ್ನಿ, ಹಾಲು ತಾನಾಗಿ ಬತ್ತುತ್ತದೆ. ಜಂತುಹುಳದ ಔಷಧಿ ಮರಿಗಳಿಗೆ 2, 4, 6, 8ನೇ ವಾರಗಳಲ್ಲಿ.

ಎಂಟು ವಾರಕ್ಕೆ ಮೊದಲು ಮರಿ ಕೊಡಬೇಡಿ, ತರಬೇಡಿ. 2017ರ ಅದೇ ನಿಯಮಗಳ ಪ್ರಕಾರ ಮಾರುವುದೂ ತಪ್ಪು. ಕಚ್ಚುವಾಗ ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮರಿ ಒಡಹುಟ್ಟುಗಳ ಜೊತೆಯೇ ಕಲಿಯುತ್ತದೆ.

ಎರಡು ತಿಂಗಳಿಂದ ಒಂದು ವರ್ಷ

4 ಕೆ.ಜಿ. ತೂಗುವ ಎರಡು ತಿಂಗಳ ಮರಿಗೆ ದಿನಕ್ಕೆ 550ರಿಂದ 600 ಕಿಲೊಕ್ಯಾಲೊರಿ, ಅಂದರೆ 150-160 ಗ್ರಾಂ ಪಪ್ಪಿ ಫುಡ್. ಮೂರು ತಿಂಗಳವರೆಗೆ ನಾಲ್ಕು ಹೊತ್ತು, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಬ್ರ್ಯಾಂಡ್ ಯಾವುದಾದರೂ ಡಬ್ಬದ ಮೇಲೆ ಮರಿಗಳಿಗೆ ಸಂಪೂರ್ಣ ಆಹಾರ ಅಂತ ಬರೆದಿರಲಿ.

ಇಲ್ಲಿ ಮತ್ತೆ ಕ್ಯಾಲ್ಸಿಯಂ ತಲೆ ಎತ್ತುತ್ತದೆ. ಮುಧೋಳದ ಮರಿ ಉದ್ದ ಕಾಲಿನದು, ಐದಾರು ತಿಂಗಳಲ್ಲಿ ಬಡಕಲಾಗಿ ಕಾಣುತ್ತದೆ. ಕಾಲು ಗಟ್ಟಿಯಾಗಲಿ ಅಂತ ಸಿರಪ್ ಶುರು. ಆರು ತಿಂಗಳೊಳಗಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಬೇಡ ಅನ್ನಲು ಬರುವುದಿಲ್ಲ, ಬಂದದ್ದನ್ನು ಹೀರಿಕೊಳ್ಳುತ್ತದೆ. ಮೂಳೆ-ಕೀಲು ಸೊಟ್ಟಗೆ ಬೆಳೆಯುತ್ತವೆ. ಪಪ್ಪಿ ಫುಡ್ ತಿನ್ನುವ ಮರಿಗೆ ಒಂದು ಹನಿ ಸಿರಪ್ಪೂ ಬೇಡ. ಇದರ ಇನ್ನೊಂದು ಮಗ್ಗುಲೂ ಇದೆ. ಬರೀ ಚಿಕನ್-ಅನ್ನ ತಿನ್ನುವ ಮರಿಗೆ ಕ್ಯಾಲ್ಸಿಯಂ ನಿಜಕ್ಕೂ ಸಾಲದು. ಮೂಳೆ ಮೆದುವಾಗಿ ಕಾಲು ಬಾಗುತ್ತದೆ, ಸಣ್ಣ ಜಿಗಿತಕ್ಕೆ ಮುರಿಯುತ್ತದೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ಅದರಲ್ಲಿರುವ ಫೈಟೇಟ್ ಅನ್ನುವ ಅಂಶ ಆ ಕ್ಯಾಲ್ಸಿಯಂ ಪೂರ್ತಿ ಸಿಗಲು ಬಿಡುವುದಿಲ್ಲ. ಹಾಗಾಗಿ ಮೊದಲ ವರ್ಷ ಮನೆ ಅಡುಗೆಯಲ್ಲೇ ಸಾಕುವ ಹಟ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮಾಡಲೇಬೇಕು ಅಂದರೆ ಪಶುವೈದ್ಯರಿಂದ ಗ್ರಾಂ ಲೆಕ್ಕದ ಪಟ್ಟಿ ಬರೆಸಿಕೊಳ್ಳಿ.

ಪಾರ್ವೋ, ಡಿಸ್ಟೆಂಪರ್ ವ್ಯಾಕ್ಸಿನ್ 6-8 ವಾರಕ್ಕೆ ಶುರು. ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ಒಂದು ಚುಚ್ಚಿಸಿ ನಿಲ್ಲಿಸಿದರೆ ಲಾಭವಿಲ್ಲ, ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಡೋಸನ್ನು ಸೋಲಿಸಬಹುದು. ಮೂರು ತಿಂಗಳಿಗೆ ರೇಬಿಸ್, ಆಮೇಲೆ ಡಾಕ್ಟರ್ ಹೇಳಿದಂತೆ ಬೂಸ್ಟರ್. ವಾಂತಿ, ಕೆಟ್ಟ ನಾತದ ರಕ್ತಭೇದಿ ಕಂಡರೆ ಅದೇ ದಿನ ಆಸ್ಪತ್ರೆ. ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಫಿನಾಯಿಲ್‌ಗೆ ಬಗ್ಗುವುದಿಲ್ಲ. ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ತೊಳೆಯಿರಿ.

ವ್ಯಾಕ್ಸಿನ್ ಮುಗಿಯಲಿ ಅಂತ ಮರಿಯನ್ನು ನಾಲ್ಕು ತಿಂಗಳು ಕೋಣೆಯಲ್ಲೇ ಕೂಡಿಹಾಕಬೇಡಿ. ಮೂರರಿಂದ 14 ವಾರದೊಳಗೆ ಕಂಡ ಜನ, ಸದ್ದುಗಳಿಗೆ ಅದು ಹೊಂದಿಕೊಳ್ಳುತ್ತದೆ. ಮುಧೋಳ ಹೊಸಬರ ಬಳಿ ಸುಲಭಕ್ಕೆ ಸೇರುವ ನಾಯಿ ಅಲ್ಲ, ಇದಕ್ಕಂತೂ ಇದು ಬೇಕೇ ಬೇಕು. ಎತ್ತಿಕೊಂಡು ಸಂತೆ, ಬಸ್ ಸ್ಟ್ಯಾಂಡ್ ತೋರಿಸಿ, ನೆಲಕ್ಕೆ ಬಿಡಬೇಡಿ ಅಷ್ಟೇ.

ಬೆಳೆದ ನಾಯಿ

12ರಿಂದ 15 ತಿಂಗಳಿಗೆ ಬೆಳವಣಿಗೆ ನಿಲ್ಲುತ್ತದೆ. ಒಂದು ವಾರದಲ್ಲಿ ದೊಡ್ಡ ನಾಯಿಯ ಆಹಾರಕ್ಕೆ ಬದಲಿಸಿ. ಮನೆ ಊಟವಾದರೆ 22 ಕೆ.ಜಿ.ಗೆ ಒಂದು ದಿನದ ಅಂದಾಜು: ಬೇಯಿಸಿದ ಮೂಳೆಯಿಲ್ಲದ ಚಿಕನ್ 300 ಗ್ರಾಂ, ಅನ್ನ ಅಥವಾ ಮುದ್ದೆ 300 ಗ್ರಾಂ, ಒಂದು ಮೊಟ್ಟೆ, ಕುಂಬಳ ಅಥವಾ ಕ್ಯಾರೆಟ್ 100 ಗ್ರಾಂ, ಒಂದು ಚಮಚ ಎಣ್ಣೆ, ಒಣಗಿಸಿ ನುಣ್ಣಗೆ ಪುಡಿ ಮಾಡಿದ ಮೊಟ್ಟೆ ಚಿಪ್ಪು ಅರ್ಧ ಚಮಚ. ಇಷ್ಟಾದರೂ ಸತು, ಅಯೋಡಿನ್, ವಿಟಮಿನ್ ಡಿ, ಇ ಸಾಲುವುದಿಲ್ಲ, ಡಾಕ್ಟರು ಹೇಳುವ ಪೂರಕ ಸೇರಿಸಬೇಕು. ಎದೆ ಆಳವಾದ ತಳಿ ಆದ್ದರಿಂದ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಭಯವಿದೆ. ಎರಡು ಹೊತ್ತು ಹಂಚಿ ಹಾಕಿ, ತಿಂದ ಮೇಲೆ ಒಂದೆರಡು ಗಂಟೆ ಓಡಿಸಬೇಡಿ.

ಉಳಿದ ಸಾರನ್ನ ಹಾಕುವ ಅಭ್ಯಾಸ ಬಿಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಅಷ್ಟೇ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ ತುಂಬಾ ಇರುತ್ತದೆ. ದ್ರಾಕ್ಷಿ ತಿಂದ ನಾಯಿಗಳ ಕಿಡ್ನಿ ಕೆಡಲು ಇದೇ ಕಾರಣ ಅಂತ ಪಶುವೈದ್ಯರು ಈಗ ಬೆರಳು ತೋರಿಸುತ್ತಿದ್ದಾರೆ. ಹಬ್ಬದ ಪಾಯಸದ ಒಣದ್ರಾಕ್ಷಿ, ಚಾಕೊಲೇಟ್, ಕ್ಸೈಲಿಟಾಲ್ ಇರುವ ಶುಗರ್‌ಲೆಸ್ ಚೂಯಿಂಗ್ ಗಮ್ ಎಲ್ಲವೂ ವಿಷ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡಲೇಬೇಡಿ.

ಮುಧೋಳವನ್ನು ನೋಡಿದ ನೆಂಟರೆಲ್ಲ "ಊಟ ಹಾಕಲ್ವಾ?" ಅನ್ನುತ್ತಾರೆ. ಕಿವಿಗೊಡಬೇಡಿ. ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು ಈ ತಳಿಗೆ ಸರಿಯಾದ ಮೈಕಟ್ಟು. ಎಲ್ಲ ಪಕ್ಕೆಲುಬೂ, ಬೆನ್ನುಮೂಳೆಯೂ ಎದ್ದು ಕಂಡರೆ ಮಾತ್ರ ಊಟ ಸಾಲದು, ಅಥವಾ ಹುಳ ಇದೆ. ಕೈ ಆಡಿಸಿದಾಗ ಪಕ್ಕೆಲುಬು ಸಿಗದಿದ್ದರೆ ಕೊಬ್ಬಿದೆ.

ವರ್ಷಕ್ಕೊಮ್ಮೆ ವ್ಯಾಕ್ಸಿನ್ ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋಗಿ, ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ ಕೊಡಿ. ಉಣ್ಣೆಯಿಂದ ಬರುವ ಎರ್ಲಿಕಿಯಾ, ಬಬೇಸಿಯಾ ಜ್ವರಗಳು ನಮ್ಮಲ್ಲಿ ವರ್ಷವಿಡೀ ಇವೆ. ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಹುಡುಕಿ. ಊಟ ಬಿಟ್ಟು ಮಂಕಾಗಿ, ವಸಡು ಬಿಳಿಚಿಕೊಂಡಿದ್ದರೆ ರಕ್ತ ಪರೀಕ್ಷೆ ಮಾಡಿಸಿ.

ಇನ್ನು ಮರಿ ಬೇಡ ಅಂದರೆ ಆಪರೇಷನ್ ಮಾಡಿಸಿ. ಓಟದ ತಳಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಕೆಲವು ಅರಿವಳಿಕೆಗಳ ಮಂಪರು ಇವಕ್ಕೆ ಬೇಗ ಇಳಿಯುವುದಿಲ್ಲ, ಮುಧೋಳ ಅಂತ ಮೊದಲೇ ಹೇಳಿ. ಆಪರೇಷನ್ ಆಗದ ಹೆಣ್ಣುನಾಯಿ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ನೀರು ವಿಪರೀತ ಕುಡಿದು, ಊಟ ಬಿಟ್ಟು, ವಾಂತಿ ಮಾಡಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಹೊರಗೆ ಸ್ರಾವ ಕಾಣದೆಯೂ ಇರಬಹುದು. ಅವತ್ತೇ ಸ್ಕ್ಯಾನ್ ಮಾಡಿಸಿ.